ಟ್ರಯಥ್ಲಾನಿಗೆ ಹೊರಟ ಪಿ.ಟಿ. ಮೇಡಂ

ಕೆಲವರ ಬಾಳಿನಲ್ಲಿ ಎಡವಟ್ಟು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತದೆ. ನನ್ನ ಮನೆಯಲ್ಲಿ ಅದು ಖಾಯಂ ಬಾಡಿಗೆದಾರ. ನ್ಯಾಮತಿಯಲ್ಲಿ ಇಪ್ಪತ್ತೈದು ವರ್ಷ ಪಿ.ಟಿ. ಮೇಡಂ ಆಗಿ ಊರ ಮಕ್ಕಳನ್ನೆಲ್ಲ ಓಡಿಸಿದವಳು ನಾನು. ನಲವತ್ತೊಂಬತ್ತಕ್ಕೆ ಬಂದ ಮೇಲೆ, ಒಂದು ಸಲ ನಾನೇ ಓಡಿ ಮುಗಿಸಬೇಕು ಅಂತ ಹಟ ಹಿಡಿದೆ. ಬರೀ ಓಟವಲ್ಲ, ಟ್ರಯಥ್ಲಾನ್. ಮುಕ್ಕಾಲು ಕಿಲೋಮೀಟರ್ ಈಜು, ಅದರ ಬೆನ್ನಿಗೇ ಇಪ್ಪತ್ತು ಕಿಲೋಮೀಟರ್ ಸೈಕಲ್ಲು, ಅದರಿಂದಿಳಿದು ಐದು ಕಿಲೋಮೀಟರ್ ಓಟ. ಚನ್ನಗಿರಿ ಕಡೆಯ ಒಂದು ಕೆರೆಯಲ್ಲಿ ಶುರು. ಎರಡೂವರೆ ಗಂಟೆಯೊಳಗೆ ಮುಗಿಸಿದವರಿಗೆ ಪದಕ.

ನನ್ನ ಮೊಣಕಾಲು ನೋಡಿದ ಡಾಕ್ಟರು, "ಒಂದೇ ಒಂದು ಸಲ ಓಡ್ರಿ ಮೇಡಂ. ಆಮೇಲೆ ಕೇಳಾಕೂ ಬರಬೇಡ್ರಿ" ಅಂದಿದ್ದರು. ಆ ಒಂದು ಸಲವನ್ನು ಹೇಗೆ ಕಳೆದುಕೊಂಡೆ ಅಂತ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೇಳಿದವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಬಟ್ಟೆ

ಬೇಕಾದ ಸಾಮಾನು ಹೆಚ್ಚೇನಿಲ್ಲ. ಈಜುವ ಕನ್ನಡಕ, ಹೆಲ್ಮೆಟ್ಟು, ಗೇರಿನ ಸೈಕಲ್ಲು, ಒಂದು ಜೊತೆ ಒಳ್ಳೆ ಬೂಟು. ಇಷ್ಟೂ ಸಿಕ್ಕವು. ಪೇಚಾಟಕ್ಕೆ ಬಂದದ್ದು ಬಟ್ಟೆ. ಈಜಿಗೂ ಸೈಕಲ್ಲಿಗೂ ಓಟಕ್ಕೂ ಒಂದೇ ಬಟ್ಟೆ, ಅದೂ ಮೈಗೆ ಅಂಟಿಕೊಂಡಿರಬೇಕು. ನಡುವೆ ಬದಲಾಯಿಸುತ್ತ ಕೂತರೆ ಹೊತ್ತು ಹೋಗುತ್ತದೆ. ನನ್ನ ಅಳತೆಯದು ಎಲ್ಲೂ ಸಿಗಲಿಲ್ಲ. ಎಳೆದರೆ ಹಿಗ್ಗುವ ಬಟ್ಟೆ ತರಿಸಿ, ಹೊನ್ನಾಳಿಯಲ್ಲಿ ನನ್ನ ರವಿಕೆ ಹೊಲಿಯುವಾಕೆಗೇ ಕೊಟ್ಟೆ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ.

"ಇದು ಹಾಕ್ಕೊಂಡು ಎಲ್ಲಿಗೆ ಹೋಗ್ತೀರಿ?" ಅಂದಳು.

"ಕೆರೆಗೆ."

"ಹಂಗಾರೆ ಸರಿ ಬಿಡ್ರಿ, ಅಲ್ಲಿ ಯಾರು ನೋಡ್ತಾರೆ."

ವಾರ ಬಿಟ್ಟು ಹೋಗಿ ಹಾಕಿ ನೋಡಿದರೆ ಜೋಲಾಡುತ್ತಿತ್ತು. ಮೈಗೆ ಅಂಟಬೇಕು ಅಂದಿದ್ದೆನಲ್ಲ ಎಂದು ಕೇಳಿದೆ. "ಮೇಡಮ್ಮೋರೆ, ಮಗಳ ಮದುವೆ ಮಾಡಿದೋರು ನೀವು. ನಾನೇ ನಾಲ್ಕು ಬೆರಳು ಜಾಸ್ತಿ ಇಟ್ಟೀನಿ" ಅಂದಳು. ಬಿಚ್ಚಿಸಿ ಮತ್ತೆ ಹೊಲಿಸಿದೆ. ಕವರಿಗೆ ಹಾಕಿಕೊಡುವಾಗ ಇನ್ನೊಂದು ತುಂಡನ್ನೂ ಮಡಚಿ ಇಟ್ಟಳು. ಏನದು ಅಂದೆ.

"ಉಳಿದ ಬಟ್ಟೇಲಿ ಮ್ಯಾಚಿಂಗ್ ವೇಲ್ ಮಾಡೀನಿ. ಈಜುವಾಗ ಮೇಲೆ ಹೊದ್ಕಳ್ರಿ."

ಹೊಳೆ

ಈಜು ಕಲಿಸಿದವನು ಸಾಸ್ವೆಹಳ್ಳಿಯ ನನ್ನ ಹಳೇ ವಿದ್ಯಾರ್ಥಿ. ಈಗ ಎರಡು ಮಕ್ಕಳ ತಂದೆ. ದಿನಾ ಬೆಳಿಗ್ಗೆ ತುಂಗಭದ್ರೆಗೆ ಇಳಿಸುತ್ತಿದ್ದ, ಸೊಂಟಕ್ಕೆ ಟ್ಯೂಬು ಕಟ್ಟುತ್ತಿದ್ದ. ಕೆಳಗಿನ ದಡದಲ್ಲಿ ನಾನು ಮೇಲೆ ಹತ್ತಿದರೆ ಬೈಕಿನಲ್ಲಿ ವಾಪಸ್ ಕರೆತರುತ್ತಿದ್ದ. ಮೂರೇ ತಿಂಗಳಿಗೆ ಮುಕ್ಕಾಲು ಕಿಲೋಮೀಟರನ್ನು ಹದಿನೈದು ನಿಮಿಷದಲ್ಲಿ ಈಜತೊಡಗಿದೆ. "ಏನ್ ಸ್ಪೀಡ್ ಮೇಡಂ!" ಅನ್ನುತ್ತಿದ್ದ. ನಾನೂ ಉಬ್ಬಿಹೋದೆ.

ಸ್ಪರ್ಧೆಗೆ ಒಂದು ವಾರ ಇರುವಾಗ ಕೆರೆಗೆ ಹೋಗಿ ಈಜಿ ನೋಡಿದೆ. ಅಷ್ಟೇ ದೂರ, ಮೂವತ್ತೈದು ನಿಮಿಷ! ಗಾಬರಿಯಾಗಿ ಅವನಿಗೆ ಫೋನ್ ಮಾಡಿದೆ. "ಈ ಕೆರೆ ನೀರಲ್ಲಿ ಏನೋ ದೋಷ ಐತೆ ಕಣಪ್ಪ."

"ದೋಷ ಏನಿಲ್ಲ ಮೇಡಂ. ಇಲ್ಲಿ ಅರ್ಧ ನೀವು ಈಜ್ತಿದ್ರಿ, ಅರ್ಧ ಹೊಳೆ ಒಯ್ತಿತ್ತು."

"ಮೊದಲೇ ಬೊಗಳಾಕೆ ಏನಾಗಿತ್ತು ನಿಂಗೆ?"

ಅವನು ಮೆಲ್ಲಗೆ ಅಂದ: "ಸ್ಕೂಲಲ್ಲಿ ನೀವು ನನ್ನ ಒಂದಿನಾನೂ ಹೊಗಳಲಿಲ್ಲ ಮೇಡಂ. ಹೊಗಳಿಸ್ಕೊಳ್ದೆ ಇದ್ರೆ ಹೆಂಗಿರುತ್ತೆ ಅಂತ ನಂಗೆ ಗೊತ್ತು. ಅದಕ್ಕೇ ನಿಮ್ಮನ್ನಾದ್ರೂ ಹೊಗಳಾನ ಅಂತ."

ದಾರಿ

ಸೈಕಲ್ ಅಭ್ಯಾಸ ಸವಳಂಗದ ದಾರಿಯಲ್ಲಿ. ಸ್ಕೂಟಿ ಇದ್ದ ಮೇಡಂ ಸೈಕಲ್ ತುಳಿದರೆ ಊರು ಸುಮ್ಮನಿರುತ್ತದೆಯೇ? "ಗಾಡಿ ಕೆಟ್ಟೋತೇನ್ರಿ?" ಅಂತ ಪ್ರತಿ ಬೈಕೂ ನಿಲ್ಲುತ್ತಿತ್ತು. ಒಂದು ದಿನ ನೀರು ಕುಡಿಯಲು ನಿಂತೆ. ಜಗಳೂರಿನಿಂದ ಈರುಳ್ಳಿ ತಂದು ಇಳಿಸಿ ಖಾಲಿ ಹೋಗುತ್ತಿದ್ದ ಲಗೇಜ್ ಗಾಡಿಯವನು ಇಳಿದು ಬಂದು, ನನ್ನನ್ನು ಕೇಳದೆಯೇ ಸೈಕಲ್ಲನ್ನು ಹಿಂದೆ ಎತ್ತಿಹಾಕಿದ. ಬೇಡ ಅಂದರೆ, "ಅಕ್ಕಾರೆ, ಈ ಬಿಸಿಲಾಗೆ ಹೆಣ್ಮಕ್ಕಳನ್ನ ಬಿಟ್ಟು ಹೋದ್ರೆ ನಮ್ಮವ್ವ ಮನೆಗೆ ಸೇರಿಸಾಕಿಲ್ಲ" ಅಂದ. ಹತ್ತಿ ಕೂತೆ.

ಅವತ್ತು ನಷ್ಟವಾದದ್ದು ಒಂದು ದಿನದ ಅಭ್ಯಾಸ. ಸಾಯಂಕಾಲ ಮಾತ್ರ ನನ್ನ ಯಜಮಾನರು, ಸೈಕಲ್ಲಿನ ದೂರ-ವೇಗ ಲೆಕ್ಕವಿಡುವ ನನ್ನ ಮೊಬೈಲ್ ನೋಡಿ ಹೆಮ್ಮೆಯಿಂದ ಎದ್ದು ನಿಂತರು. "ನೋಡೇ, ಕೊನೇ ಎಂಟು ಕಿಲೋಮೀಟರು ಅರವತ್ತರ ಸ್ಪೀಡಲ್ಲಿ ಹೊಡೆದೀಯ!"

ಇಳಿದದ್ದು

ಆ ದಿನ ಬಂತು. ಕೆರೆಯಿಂದ ಎದ್ದಾಗ ಕೊನೆಯವಳು ನಾನೇ. ಆದರೂ ಲೆಕ್ಕ ಹಾಕಿದೆ. ಹೀಗೇ ಹೋದರೆ ಹತ್ತು ನಿಮಿಷ ಮೊದಲೇ ಮುಗಿಸುತ್ತೇನೆ. ಸೈಕಲ್ ಹತ್ತಿದೆ. ಉಬ್ರಾಣಿ ಊರೊಳಗೆ ಬಂದೆ. ಮಗಳನ್ನು ಕೊಟ್ಟಿರುವುದು ಅದೇ ಊರಿಗೆ. ಬೀಗರು, ಬೀಗ್ತಿ ಇಬ್ಬರೂ ಮನೆ ಮುಂದೆ ರಸ್ತೆಗೇ ಬಂದು ನಿಂತಿದ್ದಾರೆ!

ಹೆಣ್ಣು ಕೊಟ್ಟವರು ನಾವು. ಬೀಗರು ಬಾಗಿಲಲ್ಲಿ ನಿಂತಿರುವಾಗ ಇಳಿಯದೆ ಹೋದರೆ ನಾಳೆ ಮಗಳು ಆ ಮನೆಯಲ್ಲಿ ತಲೆ ಎತ್ತುವುದು ಹೇಗೆ? ಬ್ರೇಕ್ ಹಿಡಿದೆ. ಇಳಿದೆ. ಕೈಮುಗಿದೆ.

"ಅಯ್ಯೋ, ಬರ್ರಿ ಬರ್ರಿ" ಎಂದು ಬೀಗರು ತಬ್ಬಿಬ್ಬಾಗಿ, ನನ್ನ ಬಟ್ಟೆ ಕಣ್ಣಿಗೆ ಬೀಳದಂತೆ ಮಾಳಿಗೆ ಕಡೆ ನೋಡುತ್ತಾ ಕುರ್ಚಿ ಹಾಕಿದರು. ಕಾಲು ತೊಳೆಯಲು ನೀರು ಬಂತು. ಮಂಡಕ್ಕಿ ಬಂತು. ಬೀಗ್ತಿ ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಟೀ ತಂದರು. ಬಿಸಿ ಟೀಯನ್ನು ಬಾಯಿ ಸುಟ್ಟುಕೊಂಡೇ ಕುಡಿದೆ. ಹೊರಡುತ್ತೇನೆ ಅಂದರೆ ಕುಂಕುಮ ಕೊಡದೆ ಬಿಡಲಿಲ್ಲ. ಹದಿನೇಳು ನಿಮಿಷ.

ಅಲ್ಲಿಂದ ಸೈಕಲ್ ತುಳಿದು ಮುಗಿಸಿ ನಾನು ಓಡಿದಂತೆ ಹಿಂದೆಂದೂ ಓಡಿರಲಿಲ್ಲ. ಗೆರೆ ಮುಟ್ಟಿದಾಗ ಹುಡುಗರು ಬ್ಯಾನರ್ ಬಿಚ್ಚುತ್ತಿದ್ದರು. "ಏಳು ನಿಮಿಷ ಲೇಟ್ ಮೇಡಂ" ಅಂದರು. ಬಾಳೆಹಣ್ಣು ಕೊಟ್ಟರು. ಪದಕ ಕೊಡಲಿಲ್ಲ. ಬಾಳೆಹಣ್ಣು ತಿನ್ನುತ್ತಾ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮೊಣಕಾಲು ಊದಿಕೊಂಡಿತು. ಇನ್ನು ಓಟವಿಲ್ಲ.

ದೀಪಾವಳಿಗೆ ಮಗಳ ಮನೆಗೆ ಹೋದಾಗ ಬೀಗ್ತಿ ಪಕ್ಕದಲ್ಲಿ ಕೂತು, ಹಿಂದೆಮುಂದೆ ನೋಡುತ್ತಾ ಕೇಳಿದರು: "ತಪ್ಪು ತಿಳೀಬೇಡ್ರಿ. ಅವತ್ತು ಓಟದ ನಡುವೆ ಯಾಕೆ ಇಳಿದ್ರಿ?"

"ನೀವು ನಿಂತಿದ್ರಲ್ಲ, ಇಳೀದೆ ಹೆಂಗೆ ಹೋಗ್ಲಿ?"

"ಅಯ್ಯೋ ಶಿವನೇ! ನೀವು ಹಾದು ಹೋಗುವಾಗ ಚಪ್ಪಾಳೆ ಹೊಡೆಯಾಕೆ ನಿಂತಿದ್ವಿ ಕಣ್ರಿ. ಇಳಿದ ಬೀಗ್ತೀನ ಟೀ ಕೊಡ್ದೆ ಕಳಿಸಾಕಾಗುತ್ತಾ? ಮನೇಲಿ ಹಾಲಿರಲಿಲ್ಲ. ಹಿತ್ತಲ ಬಾಗಿಲಿಂದ ಊರ ಕೊನೇ ಮನೆಗಂಟ ಹೋಗಿ, ಎಮ್ಮೆ ಹಾಲು ಕರೆಸ್ಕೊಂಡು ಬಂದೆ. ಅವತ್ತು ನಿಮಗಿಂತ ಜೋರಾಗಿ ಓಡಿದ್ದು ನಾನು!"