ಕತಾರಿನಲ್ಲಿ ಕಾರಿಗೆ ಚಳಿಯಾದಾಗ

ಇದು ತೊಂಬತ್ತರ ದಶಕದ ಮಾತು. ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕಾರು ಬೂದು ಬಣ್ಣದ್ದೋ ನೀಲಿಯದೋ, ಖಚಿತವಿಲ್ಲ. ನನ್ನ ದಡ್ಡತನದ ಬಗ್ಗೆ ಮಾತ್ರ ಸಂಶಯವಿಲ್ಲ, ಅದಕ್ಕೆ ಸಾಕ್ಷಿಗಳಿದ್ದಾರೆ.

ಯಜಮಾನರು ಕತಾರಿನ ದುಖಾನ್ ಎಂಬ ಊರಿನ ಎಣ್ಣೆ ಕಂಪನಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ಎಂ.ಎ. ಮಾಡಿದ ನಾನು ಕಂಪನಿ ಕ್ವಾರ್ಟರ್ಸಿನಲ್ಲಿ ಉಪ್ಪಿಟ್ಟು ಕೆದಕುತ್ತಾ ವರ್ಷಗಳನ್ನು ಕಳೆದಿದ್ದೆ. ಕೊನೆಗೂ ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಶಾಲೆಯೊಂದು ಟೀಚರ್ ಕೆಲಸದ ಇಂಟರ್‌ವ್ಯೂಗೆ ಕರೆದಿತ್ತು. ದಾರಿ ದೂರ. ಕಾರು ಕೈಕೊಡಬಾರದು.

ಆ ಕಾರೋ, ಊರು ಬಿಟ್ಟು ಹೊರಟಿದ್ದ ಕೆನಡಾದವನೊಬ್ಬನಿಂದ ಕೊಂಡದ್ದು. ಅವನು ಅದನ್ನು ತನ್ನ ದೇಶದಿಂದಲೇ ತರಿಸಿಕೊಂಡಿದ್ದನಂತೆ. ಅದರ ಮೂತಿಯಿಂದ ಪ್ಲಗ್ ಇರುವ ವೈರೊಂದು ನಾಲಗೆಯಂತೆ ಜೋತಾಡುತ್ತಿತ್ತು. ಕೈಪಿಡಿ ತೆರೆದು ಓದಿದೆ: ಇಂಜಿನ್ ಬೆಚ್ಚಗಿಡುವ ಹೀಟರ್! ಚಳಿಯಲ್ಲಿ ಕರೆಂಟು ಕೊಟ್ಟರೆ ಗಾಡಿ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಚಳಿ ಎಂದರೆ ನೀರು ಹೆಪ್ಪುಗಟ್ಟುವ ಚಳಿ ಎಂದೂ ಬರೆದಿತ್ತು. ಇಂಟರ್‌ವ್ಯೂ ದಿನ ಬೆಳಿಗ್ಗೆ ನಾನು ಸ್ವೆಟರ್ ಹಾಕಿದ್ದೆ. ನನಗೆ ಅಷ್ಟು ಪುರಾವೆ ಸಾಕಾಯಿತು.

“ರೀ, ಅಡಾಪ್ಟರ್ ಎಲ್ಲಿ? ಇದಕ್ಕೆ ಚಪ್ಪಟೆ ಪಿನ್ನು.”

“ಇದೆಲ್ಲ ಬೇಕೇನೇ?”

“ಓದಿ ತಿಳ್ಕೊಂಡೇ ಮಾಡ್ತಿದೀನಿ.”

“ಸರಿ ಬಿಡು, ಓದಿದವಳು ನೀನು,” ಎಂದು ಎಕ್ಸ್‌ಟೆನ್ಶನ್ ವೈರನ್ನೂ ತಾವೇ ಎಳೆದು ಕೊಟ್ಟರು.

ಬಾನೆಟ್ಟಿಗೆ ಕುಂಕುಮವಿಟ್ಟು, ವಿಧ್ಯುಕ್ತವಾಗಿ ಸ್ವಿಚ್ ಒತ್ತಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚುರ್ರೆಂಬ ಸದ್ದು, ಸುಟ್ಟ ರಬ್ಬರಿನ ವಾಸನೆ, ಟಪ್! ಕರೆಂಟು ಹೋಯಿತು. ಟ್ರಿಪ್ ಆದ ಸ್ವಿಚ್ಚನ್ನು ಮೇಲೆತ್ತಿದೆ. ಟಪ್! ಛಲ ಬಿಡದೆ ಮತ್ತೆ ಎತ್ತಿದೆ. ಈ ಸಲ ಪಕ್ಕದ ಮನೆಯದೂ ಹೋಯಿತು.

ಪಕ್ಕದ ಮನೆಯ ಜುಬೇದಾ ಮಂಗಳೂರಿನವರು. ಹಿಟ್ಟಿನ ಕೈಯಲ್ಲೇ ಹೊರಬಂದರು.

“ಎಂತದು ಮಾರಾಯ್ರೆ, ನಮ್ಮ ಮಿಕ್ಸಿ ಖಲಾಸ್!”

“ಇಂಜಿನ್‌ಗೆ ಚಳಿ ಜುಬೇದಾ, ಬೆಚ್ಚಗೆ ಮಾಡ್ತಿದ್ದೆ.”

“ಕಾರಿಗೆ ಚಳಿಯಾ? ಈ ಕತಾರ್‌ನಲ್ಲಿ? ಹಾಗಾದ್ರೆ ಒಂದು ಕಂಬಳಿ ಹೊದೆಸಿಬಿಡಿ! ಅಲ್ಲ, ಚಾವಿ ತಿರುಗಿಸಿ ನೋಡಿದ್ದೀರಾ?”

ನೋಡಿರಲಿಲ್ಲ. ಯಜಮಾನರು ತಿರುಗಿಸಿದರು. ತಕ್ಷಣ ಸ್ಟಾರ್ಟ್ ಆಯಿತು!

ನನ್ನ ಘನಕಾರ್ಯ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅರ್ಧ ದಾರಿಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಸುಟ್ಟ ಹೀಟರಿನ ಸಂದಿಯಿಂದ, ಇಂಜಿನ್ನನ್ನು ತಂಪಾಗಿಡುವ ನೀರೆಲ್ಲ ಸೋರಿಹೋಗಿತ್ತು. ಚಳಿಯಿಂದ ನಾನು ಕಾಪಾಡಿದ ಇಂಜಿನ್ ಮರುಭೂಮಿಯ ನಡುವೆ ಕೊತಕೊತ ಕುದಿಯುತ್ತಿತ್ತು! ರೇಷ್ಮೆ ಸೀರೆಯುಟ್ಟು ರಸ್ತೆ ಬದಿಯಲ್ಲಿ ನಿಂತು, ಸರ್ಟಿಫಿಕೇಟುಗಳ ಫೈಲಿನಿಂದ ಅದಕ್ಕೆ ಗಾಳಿ ಬೀಸಿದೆ. ಆ ದಿನ ನನ್ನ ಪದವಿ ಉಪಯೋಗಕ್ಕೆ ಬಂದದ್ದು ಅಷ್ಟೇ.

ನೀರಿನ ಟ್ಯಾಂಕರಿನವನೊಬ್ಬ ಕರುಣೆ ತೋರಿ ಕೊಟ್ಟ ನೀರನ್ನು ಮತ್ತೆ ಮತ್ತೆ ತುಂಬುತ್ತಾ ನಾವು ದೋಹಾ ತಲುಪುವಷ್ಟರಲ್ಲಿ ಶಾಲೆಯ ಗೇಟು ಮುಚ್ಚಿತ್ತು. ಕೆಲಸ ಬೇರೆ ಯಾರದೋ ಪಾಲಾಯಿತು.

ಮನೆಗೆ ಬಂದು ಆ ಪ್ಲಗ್ಗನ್ನು ತಿರುಗಿಸಿ ನೋಡಿದೆ. ನೂರಿಪ್ಪತ್ತು ವೋಲ್ಟ್ ಎಂದು ಅಚ್ಚಾಗಿತ್ತು. ನಮ್ಮ ಗೋಡೆಯಲ್ಲಿದ್ದದ್ದು ಅದರ ಎರಡರಷ್ಟು. ಕೈಪಿಡಿ ಓದಿದ ವಿದ್ವಾಂಸೆ ಪ್ಲಗ್ಗನ್ನು ಓದಿರಲಿಲ್ಲ!

ಯಜಮಾನರು ಸಾಕ್ಸ್ ಬಿಚ್ಚುತ್ತಾ ಕೂತಿದ್ದರು. ನಾನು ಹೋಗಿ ಎದುರು ನಿಂತು ಕೇಳಿದೆ:

“ರೀ, ನಾನು ಎಂ.ಎ., ನನಗೆ ಗೊತ್ತಿರಲಿಲ್ಲ. ನೀವು ಎಲೆಕ್ಟ್ರಿಕಲ್ ಇಂಜಿನಿಯರ್. ನಿಮಗೂ ಗೊತ್ತಿರಲಿಲ್ವಾ, ಇಲ್ಲಾ ನಾನು ಕೆಲಸಕ್ಕೆ ಹೋಗೋದೇ ಬೇಕಿರಲಿಲ್ವಾ?”