ಜಿರಳೆ ಕಾಲಿಗೆ ಸ್ಪೀಕರ್

ಕಾರವಾರದ ಕಾಲೇಜೊಂದರಲ್ಲಿ ಡಿಗ್ರಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನರಗಳಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರೆ ಹಿಂದಿನ ಬೆಂಚು ನಿದ್ದೆ ಹೋಗುತ್ತದೆ. ದೊಡ್ಡ ಯಂತ್ರ ಕೊಳ್ಳುವ ತಾಕತ್ತು ನಮ್ಮ ಕಾಲೇಜಿಗಿಲ್ಲ. ಹಾಗಾಗಿ ಜಿರಳೆಯ ಒಂದು ಕಾಲು, ಎರಡು ಗುಂಡುಸೂಜಿ, ಪುಟ್ಟದೊಂದು ಆಂಪ್ಲಿಫೈಯರ್, ಹಳೇ ಸ್ಪೀಕರ್. ಇಷ್ಟರಲ್ಲೇ ಪ್ರಯೋಗ. ಕಾಲಿನ ಮುಳ್ಳು ಮುಟ್ಟಿದರೆ ನರದ ಸಂಕೇತ ಸ್ಪೀಕರಿನಲ್ಲಿ ಚರಚರ ಎಂದು ಕೇಳುತ್ತದೆ. ಆದರೆ ಜಿರಳೆ ಇದ್ದಲ್ಲಿ ಏನಾದರೊಂದು ಆಗದೆ ಇರುವುದಿಲ್ಲ.

ಯಾರ ಮನೆಯದು?

"ನಾಳೆ ಎಲ್ಲರೂ ಮನೆಯಿಂದ ಒಂದೊಂದು ಜಿರಳೆ ತನ್ನಿ" ಎಂದೆ. ಮಾರನೆಯ ದಿನ ಎಲ್ಲರೂ ಬರಿಗೈ.

"ನಮ್ಮನೇಲಿ ಜಿರಳೆನೇ ಇಲ್ಲ ಮೇಡಂ."

ನಮ್ಮ ಜಿಲ್ಲೆ ಇಷ್ಟು ಸ್ವಚ್ಛ ಎಂದು ನನಗೆ ತಿಳಿದದ್ದೇ ಅವತ್ತು. ಕೊನೆಗೆ ಒಬ್ಬ ಹುಡುಗ ಉಪ್ಪಿನಕಾಯಿ ಬಾಟಲಿಯ ತುಂಬ ತಂದಿಟ್ಟ.

"ಅಬ್ಬ! ಇಷ್ಟೊಂದು ಎಲ್ಲಿ ಸಿಕ್ಕವು?"

"ಪಕ್ಕದ ಮನೇದು ಮೇಡಂ. ಇನ್ನೂ ಬೇಕಾದ್ರೆ ಹೇಳಿ."

ಮುಂದಿನ ಬೆಂಚಿನಿಂದ ಒಬ್ಬಳು ಧಡಕ್ಕನೆ ಎದ್ದಳು. "ಮೇಡಂ, ಅವನ ಪಕ್ಕದ ಮನೆ ನಮ್ದು!"

ಬಸ್ಸಿನ ಸೀಟು

ಅಂಕೋಲೆಯ ಹುಡುಗಿಯೊಬ್ಬಳು ಜಿರಳೆ ಡಬ್ಬಿ ಹಿಡಿದು ಬಸ್ ಹತ್ತಿದಳು. ಕೂರಲು ಜಾಗವಿಲ್ಲ. ಸೀಟಿನಲ್ಲಿದ್ದ ಹೆಂಗಸು ವಿಚಾರಿಸಿದರು.

"ಡಬ್ಬಿಯಲ್ಲೆಂತ ತಂಗಿ, ಸಿಗಡಿಯಾ?"

"ಅಲ್ಲ ಅಕ್ಕ."

"ಮತ್ತೆಂತ? ತೋರ್ಸು ನೋಡ್ವಾ."

ತೋರಿಸಿದಳು.

"ಕಾರವಾರದವರೆಗೆ ಇಡೀ ಸೀಟಿನಲ್ಲಿ ಒಬ್ಳೇ ಕೂತು ಬಂದೆ ಮೇಡಂ!"

ವೈವಾ

ಜಿರಳೆಗೆ ನೋವಾಗದಿರಲಿ ಎಂದು ಮೊದಲು ಐಸ್ ನೀರಿನಲ್ಲಿಟ್ಟು ಮರಗಟ್ಟಿಸುತ್ತೇವೆ. ಹೊರಗಿನಿಂದ ಬಂದ ಪರೀಕ್ಷಕರು ಅದನ್ನೇ ಕೇಳಿದರು: "ಕಾಲು ಕತ್ತರಿಸುವ ಮೊದಲು ಏನು ಮಾಡಬೇಕು?"

ಹುಡುಗಿ ಗಂಭೀರವಾಗಿ, "ಕ್ಷಮಿಸು ಅನ್ನಬೇಕು ಸರ್" ಎಂದಳು.

ಪರೀಕ್ಷಕರು ನನ್ನತ್ತ ನೋಡಿದರು. "ಆಮೇಲೆ ಐಸ್" ಎಂದೆ.

ಪ್ರಿನ್ಸಿಪಾಲರು ಬಂದದ್ದು

ನಮ್ಮ ಪ್ರಿನ್ಸಿಪಾಲರಿಗೆ ಇದೊಂದೂ ಹಿಡಿಸಿರಲಿಲ್ಲ. "ನಾನೇ ಬಂದು ಕೇಳ್ತೇನೆ. ಏನೂ ಕೇಳದಿದ್ರೆ ಈ ಜಿರಳೆ ಕಾರಬಾರು ಇವತ್ತಿಗೇ ಬಂದ್" ಎಂದರು.

ಬಂದರು. ಸೂಜಿ ಚುಚ್ಚಿ, ಸ್ವಿಚ್ ಹಾಕಿ, ಕೇಣಿ ಎಂಬ ಕಡಲತಡಿಯ ಊರಿನ ಮೀನುಗಾರರ ಮನೆಯ ಹುಡುಗಿಗೆ ಮುಳ್ಳು ಮುಟ್ಟಲು ಹೇಳಿದೆ. ಸದ್ದೇ ಇಲ್ಲ. ವೈರನ್ನು ಸ್ವಲ್ಪ ಎಳೆದೆ. ಒಮ್ಮೆಲೆ ಸ್ಪೀಕರ್ ಗಂಡುದನಿಯಲ್ಲಿ, ಅಚ್ಚಕನ್ನಡದಲ್ಲಿ ನುಡಿಯಿತು: "ಗಾಳಿ ಜೋರಾಗಿ ಬೀಸಲಿದ್ದು, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು."

ಪ್ರಿನ್ಸಿಪಾಲರು ಎರಡು ಹೆಜ್ಜೆ ಹಿಂದೆ ಸರಿದರು.

ಉದ್ದನೆಯ ವೈರ್ ರೇಡಿಯೊ ಸ್ಟೇಷನ್ ಹಿಡಿದಿತ್ತು. ಗಡಿಬಿಡಿಯಲ್ಲಿ ನನ್ನ ಟಿಫಿನ್ನಿನ ಚಪಾತಿಗೆ ಸುತ್ತಿದ್ದ ಅಲ್ಯೂಮಿನಿಯಂ ಹಾಳೆ ಬಿಚ್ಚಿ ವೈರಿಗೆ ಸುತ್ತಿದೆ. ರೇಡಿಯೊ ನಿಂತಿತು. ಮುಳ್ಳು ಮುಟ್ಟಿದ್ದೇ ನಿಜವಾದ ಚರಚರ ಬಂತು. ಪ್ರಿನ್ಸಿಪಾಲರು ಬಗ್ಗಿ ಕಿವಿಗೊಟ್ಟರು. ತಾವೇ ಮುಟ್ಟಿದರು, ಮತ್ತೆ ಮುಟ್ಟಿದರು.

"ನಡೀಲಿ" ಎಂದರು. "ಆದ್ರೂ ಮೊದಲು ಬಂದ ದನಿಯೇ ಚಲೋ ತಿಳೀತಿತ್ತು."

ಉಸಿರುಬಿಟ್ಟು ತಿರುಗಿದರೆ, ಕೇಣಿಯ ಹುಡುಗಿ ಕಿಟಕಿಯ ಹತ್ತಿರ ಫೋನಿನಲ್ಲಿದ್ದಳು.

"ಅಪ್ಪಾ, ಇವತ್ತು ದೋಣಿ ಬಿಡ್ಬೇಡ. ಗಾಳಿ ಜೋರುಂಟಂತೆ... ಹಾಂ? ಯಾರು ಹೇಳಿದ್ರು ಅಂದ್ರೆ..."

ಒಂದು ಕ್ಷಣ ಟೇಬಲಿನತ್ತ ನೋಡಿದಳು.

"ಜಿರಳೆ."