ಕಿಣತ್ತುಕಡವಿನಲ್ಲಿ ಫ್ರಾನ್ಸಿನ ದ್ರಾಕ್ಷಿ

ಪ್ರಪಂಚವೆಲ್ಲ ಒಪ್ಪಿದ್ದು ನನಗೆ ಒಗ್ಗದಿದ್ದರೆ ತಪ್ಪು ನನ್ನದೇ ಎಂದು ನಂಬುವವನು ನಾನು. ಹೀಗೆ ನಂಬಿ ಓಟ್ಸ್ ತಿಂದಿದ್ದೇನೆ. ಪೊಳ್ಳಾಚಿ ಬಳಿಯ ನಮ್ಮೂರು ಕಿಣತ್ತುಕಡವಿನ ಬಿಸಿಲಲ್ಲಿ ಟೈ ಕಟ್ಟಿಕೊಂಡು ತೆಂಗಿನಕಾಯಿ ವ್ಯಾಪಾರಕ್ಕೂ ಹೋಗಿದ್ದೇನೆ. ದ್ರಾಕ್ಷಿಯ ವಿಷಯದಲ್ಲೂ ಆದದ್ದು ಅದೇ.

ನಾಸಿಕದ ದ್ರಾಕ್ಷಿ ತೋಟವೊಂದರಲ್ಲಿ ಕೆಲಸ ಮಾಡುವ ನನ್ನ ಭಾವಮೈದ ಮುರುಗೇಶ ಒಮ್ಮೆ ಬಂದಾಗ ವೈನಿನ ಮಾತು ತೆಗೆದ. ಫ್ರಾನ್ಸಿನಲ್ಲಿ ಹುಟ್ಟಿದ ಒಂದು ತಳಿ ಚಿಲಿ, ಆಸ್ಟ್ರೇಲಿಯಾ, ಚೀನಾ ಎಂದು ಕಂಡಲ್ಲೆಲ್ಲ ಬೇರು ಬಿಟ್ಟಿದೆಯಂತೆ. ಅದಕ್ಕೆ ಜಾಗ ಮಾಡಲು ಎಷ್ಟೋ ಕಡೆ ಆಯಾ ಊರಿನ ದ್ರಾಕ್ಷಿಯನ್ನೇ ಕಿತ್ತು ಹಾಕಿದ್ದಾರಂತೆ. ಚೀನಾದವರೇ ನೆಟ್ಟ ಮೇಲೆ ನಾನು ಸುಮ್ಮನಿರುವುದು ಹೇಗೆ? ಮುಂದಿನ ಸಲ ಅವನಿಂದ ಒಂದು ಸಸಿ ತರಿಸಿದೆ. ಅಂಗಳದ ಚಪ್ಪರದ ಮೇಲೆ ನನ್ನ ಹೆಂಡತಿ ಸರೋಜ ಮಗುವಿನಂತೆ ಸಾಕಿದ, ನಮ್ಮ ಕಡೆಯ ಸಿಹಿ ಪನ್ನೀರು ದ್ರಾಕ್ಷಿ ಹಬ್ಬಿತ್ತು. ಅವಳು ಅನ್ನೂರಿನ ತವರಿಗೆ ಹೋದ ದಿನ ಅದನ್ನು ಕಿತ್ತೆ.

ಹೊಸ ಸಸಿಯ ಹೆಸರೇನೆಂದು ಅಮ್ಮ ಕೇಳಿದರು.

“ಕ್ಯಾಬರ್ನೆ ಸಾವಿನ್ಯೋನ್,” ಎಂದೆ.

“ಕಬರು, ಸಾವು, ಎರಡೂ ಒಂದೇ ಗಿಡದಲ್ಲಾ? ಇದನ್ನ ಮನೆ ವಾಸಲಿನ ಮುಂದೆ ನೆಡ್ತಾರೇನೋ? ಮೊದ್ಲು ಬೇರೆ ಹೆಸರಿಡು.”

ನಾನು ಯೋಚಿಸುವಷ್ಟರಲ್ಲಿ ಅವರೇ ಅರಿಸಿನ ನೀರು ಎರೆದು ‘ಲಕ್ಷ್ಮಿ’ ಎಂದು ನಾಮಕರಣ ಮುಗಿಸಿದರು.

ಸರೋಜ ಮರಳಿ ಬಂದು ಚಪ್ಪರವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಹಣ್ಣು ಬಿಡ್ಲಿ, ಅಪ್ಪುರ ನೋಡೋಣ,” ಎಂದಳು. ಬೈದಿದ್ದರೆ ಎಷ್ಟೋ ನೆಮ್ಮದಿಯಿತ್ತು.

ಚಳಿಗಾಲದಲ್ಲಿ ಮಲಗಿ ಎದ್ದರೇ ಚೆನ್ನಾಗಿ ಫಲ ಕೊಡುವ ಬಳ್ಳಿಯಂತೆ ಅದು. ನಮ್ಮ ಮನೆಯಲ್ಲಿ ಚಳಿಗಾಲವೆಂದರೆ ಅಮ್ಮ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವುದು. ಆದರೂ ಮೂರನೆಯ ವರ್ಷ ನಾಲ್ಕಾರು ಗೊಂಚಲು ಕಪ್ಪಾದವು. ಪಕ್ಕದ ಮನೆಯ ರಂಗಸಾಮಿ ಮಾಮನನ್ನೂ ಬೀದಿಯವರನ್ನೂ ಕರೆದು, ಹಣ್ಣನ್ನು ತಟ್ಟೆಯಲ್ಲಿಟ್ಟು, ನುಂಗಬಾರದು, ನಾಲಗೆಯ ಮೇಲೆ ಹೊರಳಿಸಿ ರುಚಿ ನೋಡಬೇಕು ಎಂದು ಭಾಷಣ ಮಾಡಿದೆ. ಮಾಮ ಹೊರಳಿಸಿದರು. ಬಹಳ ಹೊತ್ತು ಹೊರಳಿಸಿದರು. ಕೊನೆಗೆ ಅಂಗೈಗೆ ಉಗಿದುಕೊಂಡು ನೋಡಿದರು.

“ಬೀಜ ಇದೆ, ಸಿಪ್ಪೆ ಇದೆ. ಹಣ್ಣೆಲ್ಲಿ ಮಾಪ್ಳೆ?”

“ಇದು ತಿನ್ನೋದಲ್ಲ ಮಾಮ. ಹಿಂಡಿ ವರ್ಷಗಟ್ಟಲೆ ಇಡ್ಬೇಕು.”

“ಹಾಗಾದ್ರೆ ವರ್ಷ ಕಳೆದ ಮೇಲೆ ಕರಿ. ಈಗ ಒಂದು ಟೀ ಕೊಡ್ಸು.”

ಸರೋಜ ತಟ್ಟೆಯನ್ನು ಒಳಗೆ ಒಯ್ದಳು. ಮಧ್ಯಾಹ್ನದ ಊಟಕ್ಕೆ ಆ ದ್ರಾಕ್ಷಿಯ ರಸಂ ಬಂತು. ಅಮ್ಮ ಎರಡು ಸಲ ಹಾಕಿಸಿಕೊಂಡರು. ನಾನು ತಲೆಯೆತ್ತದೆ ಮೂರು ಸಲ. “ಪರವಾಯಿಲ್ಲ, ಹುಣಸೆಹಣ್ಣಿನ ಬದಲು ಆಗುತ್ತೆ,” ಎಂದು ಸರೋಜ ತೀರ್ಪು ಕೊಟ್ಟಳು. ಫ್ರಾನ್ಸಿನ ಯಾವ ಪಂಡಿತನಿಗೂ ಈ ಗುಣ ಹೊಳೆದಿರಲಾರದು.

ಈಗ ನನಗೆ ತಿನ್ನುವ ದ್ರಾಕ್ಷಿ ಬೇಕೆನಿಸಿದರೆ ಪೊಳ್ಳಾಚಿ ರಸ್ತೆಯ ತಳ್ಳುಗಾಡಿಗೆ ಕದ್ದು ಹೋಗುತ್ತೇನೆ. ಮೊನ್ನೆ ಸಂಜೆ ಹಾಗೆ ಕಪ್ಪು ಚೀಲವೊಂದನ್ನು ಅಂಗಿಯೊಳಗೆ ಅವಿಸಿಕೊಂಡು ಬರುವಾಗ ರಂಗಸಾಮಿ ಮಾಮ ಎದುರಾದರು. ಉಬ್ಬಿದ ಅಂಗಿಯನ್ನು ನೋಡಿ ದನಿ ತಗ್ಗಿಸಿದರು.

“ಏನ್ ಮಾಪ್ಳೆ, ಬಾಟ್ಲಾ?”

“ಆಮಾ ಮಾಮ,” ಎಂದು ಒಪ್ಪಿಕೊಂಡೆ. “ಮನೇಲಿ ಹೇಳ್ಬೇಡಿ.”

ಮಾಮ ಬೆನ್ನು ತಟ್ಟಿ ಹೋದರು. ಕುಡುಕನೆಂಬ ಹೆಸರು ಹೊತ್ತು ಈ ಬೀದಿಯಲ್ಲಿ ಹೇಗೋ ಬಾಳಬಹುದು; ದ್ರಾಕ್ಷಿ ಕೊಂಡು ತಂದವನೆಂಬ ಹೆಸರು ಹೊತ್ತು ಸಾಧ್ಯವಿಲ್ಲ.